ಮುಷ್ಟಿ ಸಡಿಲಿಸಿದ ಗುರು: ಸಂತ ಜಾನ್ ಬೋಸ್ಕೊ

ಯುವಜನರ ತಂದೆಯೆಂದು ಧರ್ಮಸಭೆ ಗೌರವಿಸುವ ಸಂತ ಜಾನ್ ಬೋಸ್ಕೊರವರು ಹುಟ್ಟಿನಿಂದ ಶಾಂತಸ್ವಭಾವದವರೇನೂ ಆಗಿರಲಿಲ್ಲ. 1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಎಂಬಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದ ಅವರು, ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಮಲ ಅಣ್ಣನ ಗದರಿಕೆ, ತಾಯಿ ಮಾರ್ಗರೀತಳ ತಾಳ್ಮೆ, ಇವೆರಡರ ನಡುವೆ ಬೆಳೆದರು. ಒಂಬತ್ತರ ವಯಸ್ಸಿನಲ್ಲಿ ಕಂಡ ಕನಸಿನಲ್ಲಿ ದೇವದೂಷಣೆ ಮಾಡುತ್ತಿದ್ದ ಹುಡುಗರ ಮೇಲೆ ಮುಷ್ಟಿಯೆತ್ತಿಯೇ ನುಗ್ಗಿದ್ದರು; ಹೊಡೆತದಿಂದಲ್ಲ, ಸೌಮ್ಯತೆಯಿಂದ ಅವರನ್ನು ಗೆಲ್ಲಬೇಕೆಂಬ ಆದೇಶ ದೊರೆತದ್ದೂ ಆ ಕನಸಿನಲ್ಲೇ.

ಆದೇಶ ದೊರೆತ ಮಾತ್ರಕ್ಕೆ ಸ್ವಭಾವ ಬದಲಾದೀತೆ? ಕಿಯೇರಿ ಪಟ್ಟಣದಲ್ಲಿ ಓದುತ್ತಿದ್ದಾಗ ಲೂಯಿಜಿ ಕೊಮೊಲ್ಲೊ ಎಂಬ ಸಾಧು ಸಹಪಾಠಿಯನ್ನು ಪುಂಡರು ಮುತ್ತಿದರು. ಬೋಸ್ಕೊ ಅವರಲ್ಲೊಬ್ಬನ ಭುಜ ಹಿಡಿದೆತ್ತಿ, ಅವನನ್ನೇ ದೊಣ್ಣೆಯಂತೆ ಬೀಸಿ, ಉಳಿದವರನ್ನು ಉರುಳಿಸಿದರು! ಆದರೆ ರಕ್ಷಣೆ ಪಡೆದ ಕೊಮೊಲ್ಲೊ ಸಂತೋಷಪಡಲಿಲ್ಲ. ದೇವರು ಬಲ ಕೊಟ್ಟದ್ದು ಇದಕ್ಕಲ್ಲವೆಂದು ಗೆಳೆಯನನ್ನು ತಿದ್ದಿದನು. ಸೌಮ್ಯತೆಯನ್ನು ತಾವೇ ಹೀಗೆ ಕಷ್ಟಪಟ್ಟು ಕಲಿತುದರಿಂದ, ಅದನ್ನು ಇತರರಿಗೂ ಕಲಿಸಬಹುದೆಂಬ ನಂಬಿಕೆ ಅವರಲ್ಲಿ ಬೇರೂರಿತೆನ್ನಬೇಕು.

1841ರ ಜೂನ್ 5ರಂದು ಗುರುದೀಕ್ಷೆ ಪಡೆದು ಟ್ಯೂರಿನ್ ನಗರದಲ್ಲಿ ನೆಲೆಸಿದರು. ಅಲ್ಲಿಯ ಸೆರೆಮನೆಗಳಲ್ಲಿ ಬಾಲಕರನ್ನು ಕಂಡು ಅವರ ಹೃದಯ ಕಲಕಿತು. ಅದೇ ಡಿಸೆಂಬರ್ 8ರಂದು, ಬಲಿಪೂಜೆಗೆ ನೆರವಾಗಲು ಬಾರದ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ಕೂಲಿ ಹುಡುಗನನ್ನು ದೇವಾಲಯದ ಸೇವಕ ಹೊಡೆದೋಡಿಸಿದಾಗ, ಬೋಸ್ಕೊ ಅವನನ್ನು ಮರಳಿ ಕರೆಸಿದರು. ಹುಡುಗನಿಗೆ ಓದುಬರಹ ತಿಳಿಯದು. ಸಿಳ್ಳೆ ಹಾಕಲು ಬರುವುದೇ ಎಂದು ಗುರುಗಳು ಕೇಳಿದೊಡನೆ ಅವನು ನಕ್ಕನೆಂದು ಚರಿತ್ರಕಾರರು ಬರೆದಿದ್ದಾರೆ. ಬೋಧನೆ ಆರಂಭವಾದದ್ದು ಆ ನಗುವಿನ ನಂತರವೇ.

1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ಹುಡುಗರಿಗೊಂದು ನೆಲೆ ದೊರೆಯಿತು; ತಾಯಿಯೂ ಬಂದು ಅವರಿಗೆಲ್ಲ ತಾಯಿಯಾದಳು. ಕಸುಬು ಕಲಿಯಲು ಹೋಗುವ ಹುಡುಗರ ಪರವಾಗಿ ಬೋಸ್ಕೊ ಯಜಮಾನರೊಂದಿಗೆ ಲಿಖಿತ ಕರಾರು ಮಾಡಿಸುತ್ತಿದ್ದರು. ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈಯೆತ್ತಬಾರದೆಂಬ ಷರತ್ತು 1852ರ ಒಂದು ಕರಾರಿನಲ್ಲಿದೆ. ಆ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಲ್ಲ.

ಆದರೂ ವರ್ಷಗಳುರುಳಿದಂತೆ ಅವರ ಮನೆಯಲ್ಲೇ ಬೆಚ್ಚನೆಯ ಬಾಂಧವ್ಯ ಕುಂದತೊಡಗಿತು. 1884ರ ಮೇ 10ರಂದು ರೋಮಿನಿಂದ ಬರೆದ ಪತ್ರದಲ್ಲಿ, ಹಿರಿಯರು ಆಟದ ಬಯಲಿನಿಂದ ದೂರವಾದುದೇ ಇದಕ್ಕೆ ಕಾರಣವೆಂದು ಅವರು ನೊಂದುಕೊಂಡರು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ತಿಳಿಯುವಂತಿರಬೇಕೆಂದು ಸಹೋದರರನ್ನು ಬೇಡಿಕೊಂಡರು. 1888ರ ಜನವರಿ 31ರಂದು ಅದೇ ವಾಲ್ದೊಕ್ಕೊದಲ್ಲಿ ಕಣ್ಮುಚ್ಚಿದರು.