ಡಾಕ್ಟರೇಟ್ ಇಲ್ಲದ ಮೇಷ್ಟ್ರ ಲೆಕ್ಕಕ್ಕೆ ಐನ್‌ಸ್ಟೈನ್ ತಲೆದೂಗಿದ್ರು!

ಸತ್ಯೇಂದ್ರನಾಥ ಬೋಸ್ ಹುಟ್ಟಿದ್ದು 1894ರ ಜನವರಿ 1ರಂದು, ಕೋಲ್ಕತ್ತಾದಲ್ಲಿ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದರು. ವಯಸ್ಸು 30, ಡಾಕ್ಟರೇಟ್ ಇರಲಿಲ್ಲ.

ಬೆಳಕು ಫೋಟಾನ್ ಅನ್ನೋ ಕಣಗಳಾಗಿ ಬರುತ್ತೆ. ಒಂದೇ ಬಣ್ಣದ ಬೆಳಕು ಜೋರಾದ್ರೆ ಕಣಗಳ ಸಂಖ್ಯೆ ಹೆಚ್ಚಿದೆ ಎಂದರ್ಥ. ಒಂದೊಂದು ಕಣದ ಶಕ್ತಿ ಅಷ್ಟೇ ಇರುತ್ತೆ. ಕಾದ ವಸ್ತುವಿನಿಂದ ಯಾವ ಬಣ್ಣದ ಬೆಳಕು ಎಷ್ಟು ತೀವ್ರವಾಗಿ ಹೊಮ್ಮುತ್ತೆ ಅನ್ನೋ ಸೂತ್ರವನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ 1900ರಲ್ಲೇ ಕೊಟ್ಟಿದ್ದರು. ಆದರೆ ಬರೀ ಕಣಗಳ ಲೆಕ್ಕದಿಂದ ಆ ಸೂತ್ರ ಹೇಗೆ ಬರುತ್ತೆ ಅನ್ನೋದು ಬಗೆಹರಿದಿರಲಿಲ್ಲ.

ಬೋಸ್ ಎಣಿಸುವ ರೀತಿಯನ್ನೇ ಬದಲಿಸಿದರು. ಬೇರೆ ಬೇರೆ ಗುರುತಿರುವ ಎರಡು ನಾಣ್ಯಗಳನ್ನು ಎರಡು ಡಬ್ಬಿಗೆ ನಾಲ್ಕು ರೀತಿ ಹಾಕಬಹುದು. ಯಾವುದು ಯಾವುದೆಂದು ಗುರುತೇ ಇಲ್ಲದಿದ್ದರೆ ಮೂರೇ ರೀತಿ. ಫೋಟಾನ್‌ಗಳೂ ಹಾಗೇ ಅಂತ ಎಣಿಸಿದಾಗ ಸೂತ್ರ ಸರಿಯಾಗಿ ಕೂತಿತು.

ಬ್ರಿಟನ್ನಿನ ಪತ್ರಿಕೆ ಆ ಲೇಖನ ಹಾಕಲಿಲ್ಲ. ಬೋಸ್ ಸುಮ್ಮನೆ ಕೂರದೆ ನೇರ ಐನ್‌ಸ್ಟೈನ್‌ಗೇ ಕಳಿಸಿದರು. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಅದೇ ವರ್ಷ ಅಚ್ಚು ಹಾಕಿಸಿದರು.

ಬೋಸ್ ತೀರಿಕೊಂಡಿದ್ದು 1974ರ ಫೆಬ್ರುವರಿ 4ರಂದು. ನೊಬೆಲ್ ಬರಲಿಲ್ಲ. ಆದರೆ ಫೋಟಾನ್ ಜಾತಿಯ ಕಣಗಳಿಗೆಲ್ಲ ಇವತ್ತು ಬೋಸಾನ್ ಅಂತಾರೆ. ಆ ಹೆಸರು ಬೋಸ್ ಅವರದ್ದೇ.