ಅಣ್ಣನ ವಿಳಾಸ

ಕ್ಲಿಫರ್ಡ್ ಬಿಯರ್ಸ್ ಹುಟ್ಟಿದ್ದು 1876ರಲ್ಲಿ, ಅಮೆರಿಕದ ನ್ಯೂ ಹೇವನ್‌ನಲ್ಲಿ. ಓದಿದ್ದು ಯೇಲ್‌ನ ಶೆಫೀಲ್ಡ್ ಸೈಂಟಿಫಿಕ್ ಸ್ಕೂಲ್, 1897ರ ಬ್ಯಾಚು. ಓದುವಾಗಲೇ ಅಣ್ಣನೊಬ್ಬನಿಗೆ ಮೂರ್ಛೆರೋಗ ಶುರುವಾಯ್ತು. ತನಗೂ ಬರುತ್ತೆ ಅನ್ನೋ ಭಯ ಇವನನ್ನ ಒಳಗೊಳಗೇ ತಿಂದಿತು. 1900ರಲ್ಲಿ ಜೀವ ಕಳ್ಕೊಳ್ಳೋಕೆ ಹೋಗಿ ಉಳಿದ. ಆಮೇಲೆ ಮೂರು ವರ್ಷ, ಮೂರು ಆಸ್ಪತ್ರೆ.

ನೋಡೋಕೆ ಬರುವ ಇನ್ನೊಬ್ಬ ಅಣ್ಣ ಜಾರ್ಜ್, ಅಣ್ಣನೇ ಅಲ್ಲ, ವೇಷ ಹಾಕಿದ ಪತ್ತೇದಾರ ಅಂತ ನಂಬಿಬಿಟ್ಟಿದ್ದ. ಎರಡು ವರ್ಷ ಯಾರ ಮಾತೂ ನಾಟಲಿಲ್ಲ. ಕೊನೆಗೆ ನೆರವಾದವನು ಅದೇ ಆಸ್ಪತ್ರೆಯ ಇನ್ನೊಬ್ಬ ರೋಗಿ. ಅವನು ಊರಿನ ಡೈರೆಕ್ಟರಿ ನೋಡಿ ಬಂದು, ಮನೆಯವರ ಹೆಸರು, ವಿಳಾಸ ಅದರಲ್ಲಿದೆ ಅಂತ ಹೇಳಿದ. ಬಿಯರ್ಸ್ ಆ ವಿಳಾಸಕ್ಕೆ ಕಾಗದ ಬರೆದ. ಬರುವವನು ಇದೇ ಕಾಗದ ಹಿಡಿದು ಬರಬೇಕು ಅಂತ ಷರತ್ತು. ಎಂಜಿನಿಯರುಗಳೂ ಒಪ್ಪುವಂಥ ಟೆಸ್ಟು! 1902ರ ಆಗಸ್ಟ್ 30ರಂದು ಜಾರ್ಜ್ ಕಾಗದ ಹಿಡಿದು ಬಂದ. ಭ್ರಮೆ ಕಳಚಿತು.

ಕಷ್ಟ ಮಾತ್ರ ಮುಗಿಯಲಿಲ್ಲ. ಮನಸ್ಸು ಉದ್ರೇಕಕ್ಕೆ ತಿರುಗಿತು, ಕಟ್ಟಿಹಾಕಿದರು, ಹೊಡೆದರು. ಹೊರಬಂದು 1908ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ, ಮರುವರ್ಷ ಮಾನಸಿಕ ಆರೋಗ್ಯಕ್ಕೆ ರಾಷ್ಟ್ರೀಯ ಸಮಿತಿ ಕಟ್ಟಿದ.

ಈಗ ಅಮೆರಿಕದಲ್ಲಿ ಪೀರ್ ರೆಸ್ಪೈಟ್ ಅನ್ನೋ ಮನೆಗಳಿವೆ. ಮನಸ್ಸು ಕುಸಿದವರು ಅಲ್ಲಿ ಕೆಲವು ದಿನ ಇದ್ದು ಹೋಗಬಹುದು. ನಡೆಸೋರು ಅದೇ ಕಷ್ಟ ದಾಟಿ ಬಂದವರು. ಚಾರ್ಮಾಡಿ ಇಳಿಯೋ ಮುಂಚೆ ಕೊಟ್ಟಿಗೆಹಾರದಲ್ಲಿ ಬಸ್ ನಿಲ್ಲುತ್ತಲ್ಲ, ಹಾಗೆ. ಬಿಯರ್ಸ್ ಕಟ್ಟಿದ್ದು ಇಂಥವನ್ನಲ್ಲ. ಅವನು ಡಾಕ್ಟರುಗಳನ್ನೇ ನೆಚ್ಚಿದ. ನನಗೆ ಮಾತ್ರ ಡೈರೆಕ್ಟರಿ ನೋಡಿಬಂದ ಆ ರೋಗಿಯೇ ದೊಡ್ಡವನು ಅನಿಸುತ್ತೆ.

1939ರಲ್ಲಿ ಬಿಯರ್ಸ್ ಮತ್ತೆ ಕುಸಿದ. ತಾನೇ ಹೋಗಿ ಆಸ್ಪತ್ರೆ ಸೇರಿದ. 1943ರಲ್ಲಿ ಅಲ್ಲೇ ತೀರಿಕೊಂಡ.