ಗುಡ್ಡದ ಹಾಡುಗಾರ ಕಾರ್ಟೋಲ

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಗುಡ್ಡಗಳ ಇಳಿಜಾರಿನಲ್ಲಿ ಬಡವರ ಮನೆಗಳು ಒತ್ತೊತ್ತಾಗಿ ನಿಂತಿವೆ. ಆಫ್ರಿಕದಿಂದ ಸೆರೆತಂದ ಗುಲಾಮರಿಗೆ ಆ ದೇಶದಲ್ಲಿ ಬಿಡುಗಡೆಯಾದುದು 1888ರಲ್ಲಿ. ಬಿಡುಗಡೆ ದೊರೆಯಿತೇ ಹೊರತು ಭೂಮಿಯಾಗಲಿ ವಿದ್ಯೆಯಾಗಲಿ ದೊರೆಯಲಿಲ್ಲ. ಅವರ ಸಂತತಿಯವರಲ್ಲಿ ಅನೇಕರು ಈ ಗುಡ್ಡಗಳಲ್ಲಿ ನೆಲೆಸಿದರು. ಸಾಂಬಾ ಎಂಬ ಹಾಡು ಕುಣಿತಗಳು ಬೆಳೆದುದು ಇಂಥ ಜನರ ನಡುವೆ.

ಇವರಲ್ಲೊಬ್ಬನಾದ ಆಂಜೆನೋರ್ ಡಿ ಒಲಿವೇರ 1908ರ ಅಕ್ಟೋಬರ್ 11ರಂದು ರಿಯೊದಲ್ಲಿ ಜನಿಸಿದನು. ಬಡತನದಿಂದಾಗಿ ಆತನ ಕುಟುಂಬವು ಮಾಂಗೇರ ಗುಡ್ಡಕ್ಕೆ ಬಂದಾಗ ಬಾಲಕನಿಗೆ ಹನ್ನೊಂದು ವರ್ಷ. ಮಾಂಗೇರ ಎಂದರೆ ಮಾವಿನ ಮರ. ಮಾವು ಭಾರತದಿಂದ ಪೋರ್ಚುಗೀಸರ ಮೂಲಕ ಅಲ್ಲಿಗೆ ಹೋದ ಹಣ್ಣೆಂಬುದನ್ನು ಇಲ್ಲಿ ನೆನೆಯಬಹುದು. ಪ್ರಾಥಮಿಕ ಶಾಲೆಯಿಂದಾಚೆಗೆ ಆತನ ಓದು ಸಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂದೆಯ ಆಸರೆಯೂ ತಪ್ಪಿತು. ಹುಡುಗನು ಗಾರೆ ಕೆಲಸಕ್ಕೆ ಸೇರಿದನು. ಸಿಮೆಂಟು ತಲೆಗೆ ಬೀಳದಿರಲೆಂದು ಆತ ಧರಿಸುತ್ತಿದ್ದ ಟೊಪ್ಪಿಗೆಯನ್ನು ಕಂಡು ಜೊತೆಗಾರರು ಕಾರ್ಟೋಲ, ಅಂದರೆ ಎತ್ತರದ ಟೊಪ್ಪಿಗೆ, ಎಂದು ಕರೆದರು. ಆ ಹೆಸರೇ ನಿಂತಿತು.

1928ರಲ್ಲಿ ಗೆಳೆಯರೊಡನೆ ಕೂಡಿ ಆತನು ಮಾಂಗೇರ ಸಾಂಬಾ ಶಾಲೆಯನ್ನು ಸ್ಥಾಪಿಸಿದನು. ಇದು ಪಾಠ ಹೇಳುವ ಶಾಲೆಯಲ್ಲ. ಕಾರ್ನಿವಲ್ ಹಬ್ಬದ ಮೆರವಣಿಗೆಗೆ ಸಿದ್ಧವಾಗುವ ಹಾಡುಗಾರರ ಸಂಘ. ಅದಕ್ಕೆ ಹಸಿರು ಮತ್ತು ಗುಲಾಬಿ ಬಣ್ಣಗಳನ್ನು ಆರಿಸಿದವನೂ ಆತನೇ. ಹಾಡುಗಳು ಗುಡ್ಡದಿಂದ ನಗರಕ್ಕಿಳಿದವು. ಫ್ರಾನ್ಸಿಸ್ಕೊ ಆಲ್ವೆಸ್‌ನಂಥ ಪ್ರಸಿದ್ಧ ಗಾಯಕರು ಅವುಗಳ ಹಕ್ಕನ್ನು ಹಣ ಕೊಟ್ಟು ಕೊಂಡರು. ತಟ್ಟೆಗಳಲ್ಲಿ ಕೇಳಿಬಂದುದು ಅವರ ಕಂಠ. ರಚಿಸಿದವನ ಕೈಗೆ ಬಂದುದು ಅಲ್ಪ. 1940ರಲ್ಲಿ ಸಂಗೀತ ನಿರ್ದೇಶಕ ಸ್ಟೊಕೊವ್ಸ್ಕಿಯು ರಿಯೊ ಬಂದರಿನಲ್ಲಿ ನಿಂತ ಹಡಗೊಂದರಲ್ಲಿ ಬ್ರೆಜಿಲ್ ಸಂಗೀತವನ್ನು ಧ್ವನಿಮುದ್ರಿಸಿದಾಗ ಕಾರ್ಟೋಲನ ಹಾಡೂ ಅದರಲ್ಲಿ ಸೇರಿತು.

ಅನಂತರದ ಕಾಲ ಕಠಿಣವಾದುದು. ಆತನು ಮಿದುಳುಪೊರೆಯ ಉರಿಯೂತದಿಂದ ನರಳಿದನು. ಪತ್ನಿ ಡಿಯೊಲಿಂಡಾ ಮಡಿದಳು. ಆತ ಮಾಂಗೇರವನ್ನೇ ತೊರೆದನು. ಸತ್ತನೆಂದೇ ಹಲವರು ನಂಬಿದರು. ಜೀಕಾ ಎಂಬಾಕೆ ಆತನನ್ನು ಮರಳಿ ಗುಡ್ಡಕ್ಕೆ ಕರೆತಂದಳು. 1950ರ ದಶಕದ ಉತ್ತರಾರ್ಧದಲ್ಲಿ ಸೆರ್ಜಿಯೊ ಪೋರ್ಟೊ ಎಂಬ ಪತ್ರಕರ್ತನಿಗೆ ಇಪನೇಮದಲ್ಲಿ ಕಾರು ತೊಳೆಯುವ ಕೃಶ ವ್ಯಕ್ತಿಯೊಬ್ಬನು ಕಣ್ಣಿಗೆ ಬಿದ್ದನು. ಆತನೇ ಕಾರ್ಟೋಲ! ಪೋರ್ಟೊ ಆತನನ್ನು ಮತ್ತೆ ಜನರೆದುರಿಗೆ ತಂದನು.

1963ರಲ್ಲಿ ಜೀಕಾ ಮತ್ತು ಕಾರ್ಟೋಲ ನಗರದಲ್ಲಿ ಜೀಕಾರ್ಟೋಲ ಎಂಬ ಹೋಟೆಲನ್ನು ತೆರೆದರು. ಅಡಿಗೆ ಆಕೆಯದು, ಸಂಗೀತ ಆತನದು. ಪೌಲಿನ್ಯೊ ಡ ವಿಯೋಲನಂಥ ತರುಣರು ಅಲ್ಲಿ ಹಾಡಿದರು. ಲೆಕ್ಕಾಚಾರ ಅರಿಯದ ದಂಪತಿಗಳ ಹೋಟೆಲು ಎರಡು ವರ್ಷಗಳಲ್ಲಿ ಮುಚ್ಚಿತು. 1964ರಲ್ಲಿ ಇಬ್ಬರೂ ವಿವಾಹವಾದಾಗಲೇ ದಾಖಲೆಯಲ್ಲಿ ತನ್ನ ಹೆಸರು ಅಜೆನೋರ್ ಅಲ್ಲ, ಆಂಜೆನೋರ್ ಎಂದಿರುವುದು ಆತನಿಗೆ ತಿಳಿದುದು. ತಿದ್ದಿಸುವ ಖರ್ಚೇಕೆಂದು ಆತನು ಹಾಗೆಯೇ ಸಹಿಮಾಡತೊಡಗಿದನು.

ತನ್ನ ಕಂಠದ ಮೊದಲ ಪೂರ್ಣ ಧ್ವನಿಮುದ್ರಿಕೆ ಹೊರಬಂದುದು 1974ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ. 1976ರ ಎರಡನೆಯದರಲ್ಲಿ ಗುಲಾಬಿಗಳು ಮಾತಾಡವು ಎಂಬರ್ಥದ ಹೆಸರಿನ ಹಾಡಿದೆ. ಹಿತ್ತಲಿನಲ್ಲಿ ಗುಲಾಬಿಗಳು ಇಷ್ಟೊಂದು ಅರಳಿದುದೇಕೆಂದು ಜೀಕಾ ಕೇಳಿದ ಪ್ರಶ್ನೆಯಿಂದ ಅದು ಹುಟ್ಟಿತೆನ್ನುತ್ತಾರೆ. ಮತ್ತೆರಡು ಧ್ವನಿಮುದ್ರಿಕೆಗಳು 1977 ಮತ್ತು 1979ರಲ್ಲಿ ಬಂದವು. 1980ರ ನವೆಂಬರ್ 30ರಂದು ಕಾರ್ಟೋಲ ಕ್ಯಾನ್ಸರಿನಿಂದ ತೀರಿಕೊಂಡನು.